ಮಾರುವವರೂ ನಮ್ಮವರೇ

ಕಾಪೆಲ್ಲೆ ಆನ್ ಡೆನ್ ಐಸೆಲ್
31 ಆಗಸ್ಟ್ 2025

ಪ್ರೀತಿಯ ಪ್ರಭಕ್ಕನಿಗೆ ಗಾನವಿಯ ನಮಸ್ಕಾರ.

ಫೋನಿನಲ್ಲಿ ಹೇಳಿದ ಥ್ಯಾಂಕ್ಸ್ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ಗೌರಿ ಹಬ್ಬದ ಬಾಗಿನ ಒಂದು ಬಳೆಯೂ ಒಡೆಯದೆ ಮನೆ ಸೇರಿತು. ಮೆಟ್ರೋದಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಎದುರಿಗಿದ್ದ ಅಜ್ಜಿಯೊಬ್ಬರು ಇದೇನೆಂದು ಕೇಳಿದರು. ತವರುಮನೆಯಿಂದ ಕೊಟ್ಟದ್ದು ಎಂದು ನನ್ನ ಅರೆಬರೆ ಡಚ್‌ನಲ್ಲಿ ಹೇಳಿದೆ. ನಿನ್ನ ಅಮ್ಮ ಇಲ್ಲೇ ಇದ್ದಾರಾ ಅಂದರು. ಹೌದು, ಆಮ್ಸ್ಟೆಲ್‌ವೇನ್‌ನಲ್ಲಿ ಎಂದುಬಿಟ್ಟೆ. ಅಮ್ಮ ತೀರಿಕೊಂಡು ಎಷ್ಟೋ ವರ್ಷವಾದರೂ ಬಾಯಿಗೆ ಹಾಗೇ ಬಂತು. ಇಂಚರಾ ಹುಟ್ಟಿದಾಗ ಆಫೀಸಿಗೆ ರಜೆ ಹಾಕಿ ನನ್ನ ಬಾಣಂತನ ಮಾಡಿದವರು ನೀವು. ಎಣ್ಣೆ ಹಚ್ಚಿ ನೀರು ಹುಯ್ದವರನ್ನು ಇನ್ನೇನೆಂದು ಕರೆಯಲಿ? ವಯಸ್ಸು ಹೆಚ್ಚಿಸಿದ್ದಕ್ಕೆ ಬೈಯಬೇಡಿ.

ಹಬ್ಬದ ದಿನವೂ ನಿಮ್ಮ ಊಟದ ಮೇಜಿನ ಮೇಲೆ ಆಫೀಸಿನ ಕಾಗದ ಹರಡಿದೆನೆಂದು ಪ್ರಕಾಶ ಭಾವ ಚೆನ್ನಾಗಿ ರೇಗಿಸಿದರು. "ಏನಮ್ಮಾ, ಇವತ್ತೂ ಹಂದಿ ಕಾಯೋ ಕೆಲ್ಸಾನಾ?" ಅಂತ. ಕೊಳವೆಯೊಳಗೆ ಓಡಿಸಿ ಅದರ ಗೋಡೆಯ ದಪ್ಪ ಅಳೆಯುವ ಯಂತ್ರಕ್ಕೆ ನಮ್ಮಲ್ಲಿ ಪಿಗ್ ಅನ್ನುತ್ತಾರೆಂದು ಅವರಿಗೆ ಹೇಳಿದ್ದೇ ತಪ್ಪಾಯಿತು. ಆದರೆ ನಾನೇನು ಮಾಡಲಿ? ನೀವೇ ಶಿಫಾರಸು ಮಾಡಿ ನನ್ನನ್ನು ಈ ದೇಶಕ್ಕೆ ಕರೆಸಿಕೊಂಡಾಗಿನಿಂದ ನಿಮ್ಮ ಕಣ್ಣಿಗೆ ಬೀಳದೆ ನನ್ನ ಒಂದು ವರದಿಯೂ ಹೊರಗೆ ಹೋಗಿಲ್ಲ. ಹಿರಿಯರಿಗೆ ತೋರಿಸದೆ ಲಗ್ನಪತ್ರಿಕೆ ಅಚ್ಚಿಗೆ ಕೊಡುವವರು ಯಾರಿದ್ದಾರೆ?

ಈ ಸಲದ ಕೆಲಸ ಮಾತ್ರ ವಿಚಿತ್ರ. ನನಗೆ ಸಂಬಳ ಕೊಡುವುದು ಜೈಡಾಸ್‌ನಲ್ಲಿ ಆಫೀಸಿರುವ ನಿಮ್ಮ ಮಾತೃಸಂಸ್ಥೆ. ನಾನು ದುಡಿಯುವುದು ಕೊಳವೆಮಾರ್ಗಗಳನ್ನು ಕೊಂಡು ನಡೆಸಲೆಂದು ಅದು ಹುಟ್ಟುಹಾಕಿದ ಪಾಲುದಾರಿಕೆ ಸಂಸ್ಥೆಗೆ. ಪಾಲುದಾರಿಕೆಗೆ ಸ್ವಂತ ನೌಕರರೇ ಇಲ್ಲ, ಎಲ್ಲರೂ ನಿಮ್ಮಿಂದ ಎರವಲು ಬಂದವರು. ಈಗ ನೀವು ಬಂದರಿನ ಆ ಹಳೆಯ ಕೊಳವೆಯನ್ನು ಅದಕ್ಕೆ ಮಾರುತ್ತಿದ್ದೀರಿ. ಅದು ಇನ್ನೆಷ್ಟು ವರ್ಷ ಬಾಳುತ್ತದೆಂದು ಕೊಳ್ಳುವವರ ಪರವಾಗಿ ಹೇಳಬೇಕಾದವಳು ನಾನು. ಗಂಡ ಅನ್ನಿಸಿಕೊಂಡ ಚಿರಂತನನಿಗೆ ನಗು. "ಹೆಣ್ಣಿನ ಕಡೆಯವ್ರೂ ನೀವೇ, ಗಂಡಿನ ಕಡೆಯವ್ರೂ ನೀವೇ, ಇನ್ನು ಮಾತುಕತೆ ಯಾರ್ ಜೊತೆ?" ಅನ್ನುತ್ತಾನೆ.

ನನ್ನ ಇಂಗ್ಲಿಷ್ ತಿದ್ದಿಕೊಟ್ಟದ್ದು ಉಪಕಾರವಾಯಿತು. ನದಿಯ ಏರಿಯ ಕೆಳಗೆ ಹಾದುಹೋಗುವ ತುಂಡಿಗೆ ಹನ್ನೊಂದು ವರ್ಷ ಎಂದು ಬರೆದಿದ್ದನ್ನು ನೋಡಿ ನೀವು ಕನ್ನಡಕ ತೆಗೆದು ಮತ್ತೆ ಹಾಕಿಕೊಂಡಿರಿ. ಉಳಿದ ಕೊಳವೆಗೆಲ್ಲ ಇಪ್ಪತ್ತೈದು ಇದ್ದು ಅಲ್ಲಿ ಮಾತ್ರ ಹೀಗಾದದ್ದು ಕಂಡು ನನಗೂ ಗಾಬರಿಯಾಗಿತ್ತು. ಬರುವ ತಿಂಗಳ ಕೊನೆಗೆ ಏರಿ ಅಗೆದು ಕಣ್ಣಾರೆ ನೋಡುತ್ತೇವೆ. ಬೆಲೆ ನ್ಯಾಯವೋ ಅಲ್ಲವೋ ಎಂದು ಹೇಳಲು ಹೊರಗಿನ ಮೂವರ ಸಮಿತಿಯೊಂದಿದೆಯಲ್ಲ, ಆಮೇಲೆ ಅವರಿಗೆ ಕಳಿಸುತ್ತೇನೆ.

ನಿಮ್ಮ
ಗಾನವಿ

ಆಮ್ಸ್ಟೆಲ್‌ವೇನ್
14 ಸೆಪ್ಟೆಂಬರ್ 2025

ಗಾನವಿಗೆ ಆಶೀರ್ವಾದಗಳು.

ನನಗೆ ಇನ್ನೂ ನಲವತ್ತೇಳು ಕಣೇ, ಮೆಟ್ರೋದ ಅಜ್ಜಿಗೆ ಆ ಮಾತು ಹೇಳಿ ಬಾ. ಕಾಗದ ನೋಡಿ ಖುಷಿಯಾಯಿತು. ನಿನ್ನ ಅಕ್ಷರ ಮಾತ್ರ ಈ ದೇಶಕ್ಕೆ ಬಂದ ಮೇಲೆ ಕೆಟ್ಟಿದೆ.

ದಸರೆಗೆ ಗೊಂಬೆ ಕೂರಿಸುತ್ತೇನೆ. ಪ್ರಕಾಶ ಮೆಟ್ಟಿಲು ಮಾಡಲು ಹಲಗೆ ತಂದಿದ್ದಾರೆ, ಎರಡು ಹಲಗೆ ಗಿಡ್ಡವಾಗಿವೆ, ಅದಕ್ಕೆ ನಾನು ಕೊಟ್ಟ ಅಳತೆಯೇ ಕಾರಣವಂತೆ. ಇಂಚರಾಗೆ ಲಂಗ ಹೊಲಿಸಿಟ್ಟಿದ್ದೇನೆ. ಕಳೆದ ಸಲ ಆರತಿ ಹಾಡಿಗೆ ಡಚ್‌ನಲ್ಲಿ ಅರ್ಥ ಕೇಳಿದಳು, ಈ ಸಲ ನೀನೇ ಹೇಳಬೇಕು.

ವರದಿಯ ವಿಷಯ ಕಾಗದದಲ್ಲಿ ಬರೆಯಬಾರದಿತ್ತು. ಇನ್ನು ಮುಂದೆ ಕಾಗದದಲ್ಲೂ ಬೇಡ, ಫೋನಿನಲ್ಲಂತೂ ಬೇಡವೇ ಬೇಡ, ನಮ್ಮಿಬ್ಬರ ಫೋನೂ ಕಂಪನಿಯದು. ಏರಿ ಅಗೆಯುವ ಕೆಲಸಕ್ಕೆ ಅಷ್ಟೊಂದು ಅವಸರವೇನಿಲ್ಲ. ಮಳೆಗಾಲ ಕಳೆಯಲಿ. ಎಲ್ಲವನ್ನೂ ನೀನೊಬ್ಬಳೇ ತಲೆಯ ಮೇಲೆ ಹೊತ್ತುಕೊಳ್ಳಬೇಡ.

ಗೊಂಬೆ ನೋಡಲು ತಪ್ಪದೆ ಬಾ.

ಇತಿ,
ಪ್ರಭಕ್ಕ

ಕಾಪೆಲ್ಲೆ
19 ಅಕ್ಟೋಬರ್ 2025

ಪ್ರಭಕ್ಕ,

ಗೊಂಬೆ ನೋಡಲು ಬರಲಿಲ್ಲ. ನೀವೂ ಯಾಕೆ ಬರಲಿಲ್ಲವೆಂದು ಕೇಳಲಿಲ್ಲ. ನಾಲ್ಕು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಆದ್ದರಿಂದ ಬೇಡವೆಂದ ಕಾಗದವನ್ನೇ ಬರೆಯುತ್ತಿದ್ದೇನೆ.

ನಮ್ಮ ಅಗೆತ ನಿಂತುಹೋಯಿತು. ಏರಿ ನೋಡಿಕೊಳ್ಳುವ ಮಂಡಳಿ ಅನುಮತಿ ಕೊಟ್ಟಿತ್ತು, ಕಂಟ್ರಾಕ್ಟರ್ ಜೆಸಿಬಿ ತಂದು ಹತ್ತಿರದಲ್ಲೇ ನಿಲ್ಲಿಸಿದ್ದ. ಹಣ ಬಿಡುಗಡೆಗೆ ಜೈಡಾಸ್‌ನಿಂದ ಒಪ್ಪಿಗೆ ಬೇಕಿತ್ತು. ಬಂದದ್ದು ಒಂದೇ ಸಾಲು: ಮುಂದಿನ ವರ್ಷ ನೋಡೋಣ. ಈ ದೇಶದಲ್ಲಿ ಅಕ್ಟೋಬರ್ ನಡುವಿನಿಂದ ವಸಂತದವರೆಗೆ ಏರಿಯ ಮೇಲೆ ಗುದ್ದಲಿ ಇಡುವಂತಿಲ್ಲ, ಬಿರುಗಾಳಿಯ ಕಾಲ. ಅದು ನನಗೆ ಗೊತ್ತು, ನಿಮಗೂ ಗೊತ್ತು. ಇನ್ನು ಏಪ್ರಿಲ್‌ವರೆಗೆ ಆ ತುಂಡನ್ನು ಯಾರೂ ನೋಡಲಾರರು. ಮಾರಾಟ ಡಿಸೆಂಬರ್‌ನಲ್ಲಿ.

ಮೊನ್ನೆ ನಿಮ್ಮ ಕಡೆಯ ಪ್ರಸ್ತಾಪ ಬಂತು. ಇಡೀ ಕೊಳವೆಗೆ ಇಪ್ಪತ್ತೈದು ವರ್ಷ ಆಯುಸ್ಸೆಂದು ಹಿಡಿದು ಬೆಲೆ ಕಟ್ಟಿದ್ದೀರಿ. ಅದರ ಕೊನೆಯಲ್ಲೊಂದು ಷರತ್ತು. ಇಂಥ ಗುರುತುಕಂಬದಿಂದ ಇಂಥ ಗುರುತುಕಂಬದವರೆಗಿನ ತುಂಡಿನಲ್ಲಿ ಮುಂದೆ ಏನೇ ದುರಸ್ತಿ ಬಂದರೂ ಖರ್ಚು ಕೊಂಡವರದು, ಮಾರಿದವರದಲ್ಲ. ಪ್ರಭಕ್ಕ, ಅಗೆಯುವ ಗುಂಡಿಯ ಜಾಗ ಹಲವರಿಗೆ ಗೊತ್ತಿತ್ತು, ಆದರೆ ಆ ಎರಡು ಕಂಬಗಳ ಸಂಖ್ಯೆ ನನ್ನ ಕರಡಿನಲ್ಲಿ ಬಿಟ್ಟು ಇನ್ನೆಲ್ಲೂ ಇರಲಿಲ್ಲ. ನನ್ನ ಮ್ಯಾನೇಜರ್ ಕೂಡ ಆಗ ಅದನ್ನು ನೋಡಿರಲಿಲ್ಲ. ನೋಡಿದವರು ನೀವೊಬ್ಬರೇ.

ಓದಿ ಆಫೀಸಿನ ಶೌಚಾಲಯಕ್ಕೆ ಹೋಗಿ ಅತ್ತೆ. ಕೊಳ್ಳುವವರ ಗುಟ್ಟನ್ನು ನಾನೇ ಮಾರುವವರ ಮುಂದೆ ಹರಡಿ, ನನ್ನ ಇಂಗ್ಲಿಷ್ ಸರಿಯಿದೆಯಾ ಎಂದು ಕೇಳಿದ್ದೆ. ಆ ಹೊತ್ತಿನಲ್ಲಿ ನೀವು ಮಾರುವವರೆಂದು ನನಗೆ ಹೊಳೆಯಲೇ ಇಲ್ಲ. ನಮ್ಮವರು ಅಂದುಕೊಂಡಿದ್ದೆ. ನಾನು ತಪ್ಪು ತಿಳಿದಿದ್ದೇನೆ ಎಂದು ಒಂದು ಸಾಲು ಬರೆಯಿರಿ, ನಂಬುತ್ತೇನೆ.

ಗಾನವಿ

ಆಮ್ಸ್ಟೆಲ್‌ವೇನ್
2 ನವೆಂಬರ್ 2025

ಗಾನವಿ,

ನೀನು ತಪ್ಪು ತಿಳಿದಿಲ್ಲ. ನಿನ್ನ ಮುಂದೆ ಸುಳ್ಳು ಹೇಳುವಷ್ಟು ಕೆಟ್ಟಿಲ್ಲ ನಾನು.

ಆದರೆ ಕೇಳು. ಪಾಲುದಾರಿಕೆಯನ್ನು ಹುಟ್ಟಿಸಿದವರು ನಾವು, ನಡೆಸುವವರು ನಾವು. ಅರ್ಧದ ಹತ್ತಿರ ಪಾಲು ನಮ್ಮದೇ. ಈ ಕೈಯಿಂದ ಆ ಕೈಗೆ ಒಂದು ಕೊಳವೆ ಹೋಗುತ್ತದೆ, ಅಷ್ಟೆ. ನಾಳೆ ದುರಸ್ತಿ ಬಂದರೆ ಅಲ್ಲಿಯೂ ನಮ್ಮವರೇ ಮಾಡಿಸುತ್ತಾರೆ. ಸಾಲ ಕೊಟ್ಟ ಬ್ಯಾಂಕುಗಳು ನಮ್ಮ ಕುತ್ತಿಗೆಯ ಮೇಲೆ ಕೂತಿವೆ. ಈ ಮಾರಾಟದ ಹಣ ವರ್ಷದ ಕೊನೆಯೊಳಗೆ ಬರದಿದ್ದರೆ ನನ್ನ ವಿಭಾಗವನ್ನು ಮುಚ್ಚುತ್ತಾರೆ. ಕಾಪೆಲ್ಲೆಯ ನಿಮ್ಮ ಆಫೀಸೂ ಅದರಲ್ಲೇ ಸೇರಿದೆ. ಈ ದೇಶದಲ್ಲಿರಲು ನಿನಗಿರುವ ಪರ್ಮಿಟ್ ಕಂಪನಿಯ ಹೆಸರಿನಲ್ಲಿದೆ, ಚಿರಂತನ ನಿನ್ನ ಪರ್ಮಿಟ್ ಮೇಲೆ ಬಂದವನು, ಮಗು ಈಗ ತಾನೇ ಓದಲು ಕಲಿಯುತ್ತಿದೆ. ಇವೆಲ್ಲ ನಿನ್ನ ತಲೆಗೆ ಬರಲಿಲ್ಲ. ನನ್ನ ತಲೆಗೆ ಬಂತು.

ಸುಳ್ಳು ಬರೆ ಎಂದು ನಾನು ಹೇಳುತ್ತಿಲ್ಲ. ಅಗೆದು ನೋಡದ ತುಂಡಿನ ಬಗ್ಗೆ ಖಚಿತವಾಗಿ ಏನೂ ಹೇಳಲಾಗದು ಎಂದು ಬರೆ. ಅದು ನಿಜವೇ ತಾನೇ? ಇಪ್ಪತ್ತೇಳಕ್ಕೆ ಸಮಿತಿ ಕೂತಾಗ ಕೇಳಿದ್ದಕ್ಕೆ ಉತ್ತರ ಕೊಡು, ಕೇಳದ್ದನ್ನು ಹೇಳಬೇಡ. ಹಬ್ಬದ ದಿನದ ಮಾತಂತೂ ಎತ್ತಲೇಬೇಡ.

ಮಾಡಿದ್ದನ್ನು ಎತ್ತಿ ಆಡುವವಳಲ್ಲ ನಾನು. ಅಷ್ಟು ನಿನಗೆ ಗೊತ್ತಿರಬೇಕು.

ಪ್ರಭಕ್ಕ

ಕಾಪೆಲ್ಲೆ
23 ನವೆಂಬರ್ 2025

ಪ್ರಭಕ್ಕನಿಗೆ,

ನಿಮ್ಮ ಕಾಗದದ ಕೊನೆಯ ಸಾಲನ್ನು ಚಿರಂತನನಿಗೆ ಓದಿ ಹೇಳಲಿಲ್ಲ. ನೀವು ಎತ್ತಿ ಆಡದೆಯೂ ಎಲ್ಲ ನೆನಪಿದೆ. ಹಾಲು ಬರಲೆಂದು ಸಬ್ಬಸಿಗೆ ಸೊಪ್ಪಿಗಾಗಿ ಊರೆಲ್ಲ ಸೈಕಲ್ ಹೊಡೆದದ್ದು, ನಾನು ಅತ್ತಾಗಲೆಲ್ಲ ಯಾಕೆಂದು ಕೇಳದೆ ಪಕ್ಕದಲ್ಲಿ ಕೂತದ್ದು. ಅದನ್ನು ತೀರಿಸಲು ನನ್ನಲ್ಲಿ ಏನೂ ಇಲ್ಲ. ಇರುವುದು ಈ ವರದಿಯೊಂದೇ. ಅದು ನನ್ನದಲ್ಲ.

ಈ ಕೈಯಿಂದ ಆ ಕೈಗೆ ಅಂದಿರಿ. ಆ ಕೈಯಲ್ಲಿ ಅರ್ಧಕ್ಕಿಂತ ಹೆಚ್ಚು ಬೇರೆಯವರದಿದೆ. ನಮ್ಮ ಕೆಳಗಿನ ಮನೆಯ ಹೆಂಕ್ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವರು. ನಿವೃತ್ತಿಯ ದುಡ್ಡಿನಲ್ಲಿ ನಮ್ಮ ಪಾಲುದಾರಿಕೆಯ ಪಾಲು ಕೊಂಡಿದ್ದಾರೆ. ಕೊಳವೆ ನೆಲದೊಳಗಿರುತ್ತದೆ, ಎಲ್ಲಿಗೂ ಓಡಿಹೋಗುವುದಿಲ್ಲ ಎಂಬುದು ಅವರ ನಂಬಿಕೆ. ಇಂಚರಾಳ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಾ ಮೊನ್ನೆ ನನ್ನನ್ನೇ ಕೇಳಿದರು, ಕಂಪನಿ ಹೊಸ ಕೊಳವೆ ಕೊಳ್ಳುತ್ತದಂತೆ, ಒಳ್ಳೆಯದೇ ಅಲ್ಲವಾ ಅಂತ. ಕೈಯಲ್ಲಿದ್ದ ಸೈಕಲ್ ಪಂಪನ್ನು ಅವರಿಗೆ ಕೊಟ್ಟು ಒಳಗೆ ಬಂದೆ. ಏರಿಯಡಿಯ ಕೊಳವೆ ಬದಲಿಸಲು ಎಷ್ಟಾಗುತ್ತದೆಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಗುರುವಾರ ಸಮಿತಿಯ ಮುಂದೆ ಎಲ್ಲವನ್ನೂ ಹೇಳುತ್ತೇನೆ. ಹನ್ನೊಂದು ವರ್ಷವನ್ನೂ ಹೇಳುತ್ತೇನೆ, ಹಬ್ಬದ ದಿನ ನಾನೇ ನನ್ನ ಕೈಯಾರೆ ಕರಡನ್ನು ನಿಮ್ಮ ಮುಂದಿಟ್ಟದ್ದನ್ನೂ ಹೇಳುತ್ತೇನೆ. ಅದನ್ನು ಮುಚ್ಚಿಟ್ಟು ಇದನ್ನು ಹೇಳಿದರೆ ಅಗೆತ ಯಾಕೆ ನಿಂತಿತೆಂದು ಯಾರಿಗೂ ಅರ್ಥವಾಗುವುದಿಲ್ಲ. ಕೆಲಸ ಹೋಗುತ್ತದೆ. ಚಿರಂತನ, "ಹೋದ್ರೆ ಹೋಗ್ಲಿ ಬಿಡು, ನಿದ್ದೆ ಮಾಡೋದಾದ್ರೂ ಕಲೀತೀಯ" ಅಂದ. ಆಮೇಲೆ ಅವನಿಗೇ ನಿದ್ದೆ ಬರಲಿಲ್ಲ. ನನಗೆ ಭಯವಾಗುತ್ತಿದೆ, ಪ್ರಭಕ್ಕ. ಪರ್ಮಿಟ್ಟಿಗಿಂತ ನಿಮ್ಮ ಮುಖ ನೆನೆದರೆ ಹೆಚ್ಚು ಭಯ.

ನಿಮಗೆ ಮೊದಲು ಹೇಳದೆ ಅಲ್ಲಿಗೆ ಹೋಗಲಾರೆ. ಇದನ್ನೂ ಹೇಳಬಾರದೆಂದು ಚಿರಂತನ ಹೇಳಿದ. ಆದರೂ ಬರೆಯುತ್ತಿದ್ದೇನೆ.

ಗಾನವಿ

ಆಮ್ಸ್ಟೆಲ್‌ವೇನ್
26 ನವೆಂಬರ್ 2025

ಗಾನವಿ,

ಅಂಚೆಯನ್ನು ನೆಚ್ಚಿಕೊಂಡರೆ ಆಗದು, ಇದನ್ನು ಪ್ರಕಾಶರ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರ ಎದುರಿಗೇ ಓದಿ ಮುಗಿಸು.

ಇವತ್ತು ಮಧ್ಯಾಹ್ನ ನಾನೇ ಸಮಿತಿಯ ಅಧ್ಯಕ್ಷೆಯ ಹತ್ತಿರ ಹೋದೆ. ಹಬ್ಬದ ದಿನ ನೀನು ಅಡುಗೆಮನೆಯಲ್ಲಿದ್ದಾಗ ನಿನ್ನ ಬ್ಯಾಗಿನಿಂದ ಕರಡು ತೆಗೆದು ನೋಡಿದೆ ಎಂದು ಹೇಳಿದ್ದೇನೆ. ನಿನಗೆ ಗೊತ್ತೇ ಇಲ್ಲ ಎಂದಿದ್ದೇನೆ. ಬರೆದುಕೊಂಡಿದ್ದಾರೆ, ಸಹಿಯೂ ಆಗಿದೆ. ನನ್ನ ಕೆಲಸದ ಕಥೆ ಮುಗಿಯಿತು, ನಿನ್ನದು ಉಳಿಯುತ್ತದೆ. ನಾಳೆ ಹನ್ನೊಂದು ವರ್ಷದ ಮಾತು ಹೇಳು, ಧಾರಾಳವಾಗಿ ಹೇಳು. ಕರಡಿನ ಮಾತು ಬಂದರೆ ನನಗೆ ಗೊತ್ತಿಲ್ಲ ಅನ್ನು. ಇಷ್ಟೇ.

ಇಂಚರಾಳ ಲಂಗವನ್ನೂ ಕಳಿಸಿದ್ದೇನೆ. ಸೊಂಟದಲ್ಲಿ ಬಟ್ಟೆ ಒಳಗೆ ಬಿಟ್ಟಿದೆ, ಬಿಚ್ಚಿಕೊಳ್ಳಬಹುದು.

ಪ್ರಭಕ್ಕ

ಕಾಪೆಲ್ಲೆ
18 ಜನವರಿ 2026

ಪ್ರಭಕ್ಕ,

ಇಷ್ಟು ದಿನ ಬರೆಯಲು ಕೈ ಏಳಲಿಲ್ಲ. ನೀವೂ ಬರೆಯಲಿಲ್ಲ. ಆ ದಿನ ನಡೆದದ್ದು ನಿಮಗೆ ವಕೀಲರ ಮೂಲಕ ಮುಟ್ಟಿರುತ್ತದೆ. ಆದರೂ ನನ್ನ ಬಾಯಿಂದ ಒಮ್ಮೆ ಕೇಳಿ.

ಅಧ್ಯಕ್ಷೆ ನಿಮ್ಮ ಹೇಳಿಕೆಯನ್ನು ಓದಿ, ಇದು ಸರಿಯೇ ಎಂದು ಕೇಳಿದರು. ನನ್ನ ಮುಂದಿದ್ದ ನೀರು ಕುಡಿದೆ. ಹೂಂ ಅಂದಿದ್ದರೆ ಸಾಕಿತ್ತು. ಹೂಂ ಅಂದರೆ ನೀವು ನನ್ನ ಬ್ಯಾಗಿಗೆ ಕೈಹಾಕಿದ ಕಳ್ಳಿಯಾಗುತ್ತಿದ್ದಿರಿ, ನಿಮ್ಮ ಮನೆಯಲ್ಲಿ ನಾನು ಹಾಗೆ ಬ್ಯಾಗು ಬಚ್ಚಿಟ್ಟುಕೊಂಡು ಕೂತವಳಾಗುತ್ತಿದ್ದೆ. ಅದು ನನ್ನಿಂದ ಆಗಲಿಲ್ಲ. ಪ್ರಭಾ ಹೇಳಿದ್ದು ಸುಳ್ಳು, ನಾನೇ ಕೊಟ್ಟೆ ಎಂದೆ. ನಿಮ್ಮ ಹೆಸರಿನ ಪಕ್ಕದಲ್ಲಿ ಸುಳ್ಳು ಎಂಬ ಮಾತನ್ನು ಇಟ್ಟವಳು ನಾನು. ಯಾಕೆ ಕೊಟ್ಟೆ ಎಂದು ಕೇಳಿದರು. ನನ್ನ ಹಿರಿಯರು, ಮೊದಲು ಅವರಿಗೇ ತೋರಿಸುವುದು ಎಂದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿಮ್ಮ ಸಂಬಂಧಿಯಾ ಎಂದು ಸಮಿತಿಯ ವಕೀಲ ಕೇಳಿದ.

ಮಾರಾಟ ನಿಂತಿತು. ಏಪ್ರಿಲ್‌ನಲ್ಲಿ ಏರಿ ಅಗೆದು ನೋಡಿಯೇ ಮುಂದಿನ ಮಾತಂತೆ. ಮಾತೃಸಂಸ್ಥೆ ನನಗೆ ಕೆಲಸ ಬಿಡಲು ಫೆಬ್ರವರಿ ಕೊನೆಯವರೆಗೆ ಗಡುವು ಕೊಟ್ಟಿದೆ, ಬಹಳ ಸಭ್ಯವಾದ ಭಾಷೆಯಲ್ಲಿ. ನಿಮ್ಮನ್ನು ಅದೇ ವಾರ ಕೆಲಸದಿಂದ ಕಳಿಸಿದರೆಂದು ಭಾವನಿಂದ ತಿಳಿಯಿತು. ಅವರು ಫೋನಿನಲ್ಲಿ ನನ್ನನ್ನು ಬೈಯಲಿಲ್ಲ. "ಊಟ ಆಯ್ತೇನಮ್ಮಾ?" ಅಂತ ಕೇಳಿ ಇಟ್ಟುಬಿಟ್ಟರು.

ಈಗ ಇನ್ನೊಂದು ಬಂದಿದೆ. ಮೊನ್ನೆ ಅಧ್ಯಕ್ಷೆ ಕರೆಸಿ, ಪಾಲುದಾರಿಕೆಗೆ ಸ್ವಂತ ನೌಕರರು ಬೇಕೆಂದು ತೀರ್ಮಾನವಾಗಿದೆ, ಮೊದಲನೆಯವಳಾಗಿ ನೀನು ಬರುತ್ತೀಯಾ ಎಂದರು. ತಪ್ಪು ಮಾಡಿದವಳನ್ನು ಯಾಕೆ ಎಂದೆ. ಕೆಲಸ ಹೋಗುತ್ತದೆಂದು ಗೊತ್ತಿದ್ದೂ ಒಪ್ಪಿಕೊಂಡವರು ನಮಗೆ ಬೇರೆ ಯಾರೂ ಸಿಕ್ಕಿಲ್ಲ ಎಂದರು. ಪರ್ಮಿಟ್ಟಿಗೂ ಅವರೇ ಹೊಣೆ. ಒಂದೇ ಷರತ್ತು. ಮಾರುವ ಕಡೆಯಲ್ಲಿದ್ದ ಯಾರ ಜೊತೆಗೂ ನಾನು ಅಲ್ಲಿರುವಷ್ಟು ಕಾಲ ಸಂಪರ್ಕ ಇಟ್ಟುಕೊಳ್ಳಬಾರದು. ಮಾತು, ಪತ್ರ, ಊಟ, ಉಡುಗೊರೆ ಯಾವುದೂ ಇಲ್ಲ. ಪಟ್ಟಿಯಲ್ಲಿ ನಿಮ್ಮ ಹೆಸರೇ ಮೊದಲು. ನಿಮ್ಮ ಕೆಲಸ ಹೋದರೂ ವಿಚಾರಣೆ ಮುಗಿದಿಲ್ಲವಂತೆ, ಹೆಸರು ತೆಗೆಯಲಾಗದಂತೆ.

ಇನ್ನೂ ಸಹಿ ಹಾಕಿಲ್ಲ. ಹಾಕದಿದ್ದರೆ ಮಾರ್ಚ್‌ನಿಂದ ಹೊಸ ಕೆಲಸ ಹುಡುಕಲು ಸ್ವಲ್ಪ ಕಾಲ ಸಿಗುತ್ತದೆ, ಕೆಲಸ ಸಿಗದಿದ್ದರೆ ವಾಪಸ್ ಮೈಸೂರು. ಹಾಕಿದರೆ ನೀವಿಲ್ಲ. ಚಿರಂತನ ಯಾವ ಕಡೆಯೂ ಹೇಳುತ್ತಿಲ್ಲ. ನಿಮ್ಮನ್ನು ಕೇಳದೆ ಹಾಕಲಾರೆ. ಬೇಡ ಅನ್ನಿ, ಬೇಡ. ಬೈದಾದರೂ ಒಂದು ಕಾಗದ ಬರೆಯಿರಿ.

ನಿಮ್ಮ
ಗಾನವಿ

ಆಮ್ಸ್ಟೆಲ್‌ವೇನ್
1 ಫೆಬ್ರವರಿ 2026

ಗಾನವಿ,

ಬೈಯಲೆಂದೇ ಕೂತೆ. ಎರಡು ಕಾಗದ ಬರೆದು ಹರಿದು ಹಾಕಿದೆ. ಪ್ರಕಾಶ, "ಪೋಸ್ಟ್ ಮಾಡೋ ಕಾಗ್ದ ಬರಿ, ಕಸದ ಬುಟ್ಟಿಗೆ ಯಾಕೆ ಬರೀತೀಯಾ?" ಅಂದರು. ಇದು ಮೂರನೆಯದು.

ಮೊದಲು ನನ್ನ ಮಾತು ಮುಗಿಸುತ್ತೇನೆ. ನಿನ್ನ ಕರಡು ನೋಡಿದಾಗ ನಾನು ಮಗುವಿನ ಸ್ಕೂಲನ್ನು ನೆನೆಯಲಿಲ್ಲ, ನಿನ್ನ ಪರ್ಮಿಟ್ಟನ್ನೂ ನೆನೆಯಲಿಲ್ಲ. ಅವೆಲ್ಲ ಆಮೇಲೆ ಪೋಣಿಸಿದ ಮಾತು. ಆ ಕ್ಷಣದಲ್ಲಿ ನೆನೆದದ್ದು ನನ್ನ ಬಾಸ್ ಇದನ್ನು ಕೇಳಿ ಹೇಗೆ ಹಗುರಾಗುತ್ತಾನೆ ಎಂಬುದನ್ನು. ನಿನ್ನ ತಟ್ಟೆಗೆ ಒಬ್ಬಟ್ಟು ಬಡಿಸುತ್ತಾ ಆ ಎರಡು ಸಂಖ್ಯೆಗಳನ್ನು ಬಾಯಿಪಾಠ ಮಾಡಿಕೊಂಡೆ. ಮರುದಿನ ಹೇಳಿದೆ. ಅವನು ಭೇಷ್ ಎಂದ. ಇಪ್ಪತ್ತು ವರ್ಷದಲ್ಲಿ ಆ ಆಫೀಸಿನಲ್ಲಿ ನನಗೆ ಭೇಷ್ ಅಂದವರು ಕಡಿಮೆ.

ಸಮಿತಿಗೆ ಸುಳ್ಳು ಹೇಳಿ ಬಂದ ದಿನ ಎಷ್ಟೋ ವಾರಗಳ ನಂತರ ಹೊಟ್ಟೆ ತುಂಬ ಊಟ ಮಾಡಿದೆ. ಅದೊಂದನ್ನಾದರೂ ನಿನಗೋಸ್ಕರ ಮಾಡಿದೆ ಎನಿಸಿತ್ತು. ಮರುದಿನ ನೀನು ಅದನ್ನೂ ಬೇಡವೆಂದೆ. ಆ ಸಿಟ್ಟು ಡಿಸೆಂಬರ್ ಪೂರ್ತಿ ಇತ್ತು. ನೀನು ಹಾಗೆ ಹೇಳಬಾರದಿತ್ತು ಎಂದು ಈಗಲೂ ಅನಿಸುತ್ತದೆ. ಹಾಗೆ ಹೇಳದಿದ್ದರೆ ನಿನ್ನನ್ನು ಏನೆಂದುಕೊಳ್ಳುತ್ತಿದ್ದೆನೋ ಗೊತ್ತಿಲ್ಲ.

ಈಗ ನಿನ್ನ ವಿಷಯ. ಸಹಿ ಹಾಕು. ಅವರು ಕೇಳಿದ್ದು ನ್ಯಾಯವಾಗಿದೆ. ನಾನು ಆ ಅಧ್ಯಕ್ಷೆಯ ಜಾಗದಲ್ಲಿದ್ದರೆ ಇದನ್ನೇ ಕೇಳುತ್ತಿದ್ದೆ, ನಿನ್ನ ಅಕ್ಷರ ತಿದ್ದಿದ ಕೈಯನ್ನು ನಿನ್ನಿಂದ ದೂರವಿಡುತ್ತಿದ್ದೆ. ಬೇಡ ಅನ್ನಿ ಎಂದು ಬರೆದಿದ್ದೀಯ. ಬರೆದು ಕಣ್ಣೊರೆಸಿಕೊಂಡಿರುತ್ತೀಯ, ನನಗೆ ಗೊತ್ತು. ನಾನು ಬೇಡ ಅನ್ನುವುದಿಲ್ಲ. ಏಪ್ರಿಲ್‌ನಲ್ಲಿ ಏರಿ ಅಗೆಯುವಾಗ ನೀನೇ ಮುಂದೆ ನಿಂತು ನೋಡು. ಏನು ಕಂಡಿತೆಂದು ನನಗೆ ತಿಳಿಸಬೇಡ.

ಈ ಕಾಗದಕ್ಕೆ ಉತ್ತರ ಬರೆಯಬೇಡ. ಇಲ್ಲಿನ ಇಂಡಿಯನ್ ಅಂಗಡಿಯಲ್ಲಿ ಎದುರಾದರೆ ನೀನು ಬೇಳೆಯ ಕಡೆ ತಿರುಗಿಕೋ, ನಾನು ಹೊರಗೆ ಹೋಗುತ್ತೇನೆ. ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಇನ್ನು ಯಾರಾದರೂ ಸಿಗುತ್ತಾರೆ, ಇಬ್ಬರಿಗೂ.

ನಾನೆಲ್ಲಿ ಎಂದು ಇಂಚರಾ ಕೇಳಿಯೇ ಕೇಳುತ್ತಾಳೆ. ಮೊದಲು ಡಚ್‌ನಲ್ಲಿ, ನೀನು ಉತ್ತರ ಕೊಡದಿದ್ದರೆ ಕನ್ನಡದಲ್ಲಿ. "ದೊಡ್ಡಮ್ಮ ಮೈಸೂರಿಗೆ ವಾಪಸ್ ಹೋಗ್ಬಿಟ್ರು" ಅನ್ನು. ತಪ್ಪು ಮಾಡಿದರು ಅಂತ ಹೇಳಬೇಡ. ನನಗಾಗಿ ಒಂದೇ ಒಂದು ಸುಳ್ಳು ಹೇಳು, ಗಾನವಿ.

ಇತಿ,
ಪ್ರಭಾ